ಎರಡನೆಯ ಮಹಡಿಯಲ್ಲಿ ನಿಂತ ಬಲೂನು

ಗ್ರೀಸಿನ ವೋಲೊಸ್ ಊರಿನ ಕಡಲದಂಡೆಯಲ್ಲಿ ಬಲೂನು ಮಾರುವ ಸ್ತೆರ್ಯೋಸನಿಗೆ ಒಂದು ಅಭ್ಯಾಸ. ಹೊಸ ಸಿಲಿಂಡರು ಬಂದರೆ, ಮೊದಲು ತುಂಬಿದ ಬಲೂನಿಗೆ ಪರದೆಯ ಹಿತ್ತಾಳೆ ಉಂಗುರವೊಂದನ್ನು ಕಟ್ಟಿ ಬಿಡುವುದು. ಉಂಗುರ ಹೊತ್ತು ಬಲೂನು ಎದ್ದರೆ ಹೀಲಿಯಂ ಶುದ್ಧ. ಏಳದಿದ್ದರೆ ಯಾರೋ ಗಾಳಿ ಬೆರೆಸಿದ್ದಾರೆ. ಹಾಲಿಗೆ ನೀರು ಬೆರೆಸಿದ್ದು ನಾಲಗೆಗೆ ಗೊತ್ತಾಗುತ್ತದೆ, ಇದಕ್ಕೆ ಆ ಉಂಗುರವೇ ನಾಲಗೆ.

ಅಂದು ಮಾತ್ರ ಉಂಗುರ ಜೇಬಿನಲ್ಲೇ ಉಳಿಯಿತು. ಇಪ್ಪತ್ತು ವರ್ಷದ ಪರಿಚಯದ ವ್ಯಾಪಾರಿ, ಮುದ್ರೆ ಒಡೆಯದ ಸಿಲಿಂಡರು. ಮೇಲಾಗಿ ಅಂದು ಎವಾಂಥಿಯಾಳ ಹೆಸರಹಬ್ಬ, ಅವನಿಗೆ ಅವಸರ.

ಹೆಸರಹಬ್ಬವೆಂದರೆ ತಮ್ಮ ಹೆಸರಿನ ಸಂತರ ದಿನ; ಅದಕ್ಕೆ ಅಲ್ಲಿ ಯಾರನ್ನೂ ಕರೆಯುವುದಿಲ್ಲ. ಬಾಗಿಲು ತೆರೆದಿಟ್ಟಿರುತ್ತಾರೆ, ನೆನಪಿದ್ದವರು ಬರುತ್ತಾರೆ. ಸ್ತೆರ್ಯೋಸ್ ಹೋಗುತ್ತಿರಲಿಲ್ಲ. ಮೂವತ್ತು ವರ್ಷದ ಹಿಂದೆ ಎವಾಂಥಿಯಾಳನ್ನು ಹೆಣ್ಣು ಕೇಳಲು ಹೋದಾಗ ಅವಳಣ್ಣ ಹೊಸ್ತಿಲಲ್ಲೇ ತಡೆದು, “ಗಾಳಿ ಮಾರೋನಿಗೆ ತಂಗೀನ ಕೊಡ್ತಾರೇನಯ್ಯಾ?” ಎಂದು ಕಳಿಸಿದ್ದ. ಅಣ್ಣ ಸತ್ತು ಎಷ್ಟೋ ಕಾಲವಾಗಿತ್ತು, ಮಾತು ಸತ್ತಿರಲಿಲ್ಲ. ಆಮೇಲೆ ಇವನೂ ಮದುವೆಯಾಗಲಿಲ್ಲ, ಅವಳೂ ಆಗಲಿಲ್ಲ. ಪ್ರತಿವರ್ಷ ಆ ದಿನ ಬೀದಿಯಲ್ಲಿ ನಿಂತು, ಮೂರು ಬಲೂನಿಗೆ ಒಂದು ಲುಕುಮಿ ಮಿಠಾಯಿ ಕಟ್ಟಿ ಮೂರನೆಯ ಮಹಡಿಯ ಅವಳ ಕಿಟಕಿಗೆ ದಾರ ಬಿಡುತ್ತಿದ್ದ. ಅವಳು ಬಿಚ್ಚಿಕೊಂಡು ಕೈಬೀಸುತ್ತಿದ್ದಳು. ವರ್ಷಕ್ಕೆ ಅಷ್ಟೇ ಒಡನಾಟ.

ಈ ಸಲ ಬಲೂನುಗಳು ತೇಕುತ್ತ ತೇಕುತ್ತ ಎರಡನೆಯ ಮಹಡಿ ತಲುಪಿ ಅಲ್ಲೇ ನಿಂತವು. ಬಿಟ್ಟ ದಾರದ ಭಾರವೇ ಅವಕ್ಕೆ ಹೆಚ್ಚಾಗಿತ್ತು. ಮೇಲೆ ಎವಾಂಥಿಯಾಳ ಕೈ ಚಾಚಿಕೊಂಡೇ ಇತ್ತು.

“ಏನಯ್ಯಾ, ನಿನ್ನ ಬಲೂನಿಗೂ ಮಂಡಿನೋವಾ?”

“ಗಾಳಿ ಬೆರೆಸಿದಾರೆ ಕಣೇ. ತಾಳು, ದಂಡೆಗೆ ಹೋಗಿ ಇನ್ನೆರಡು ತುಂಬ್ಕೊಂಡು ಬರ್ತೀನಿ.”

“ಅಷ್ಟರಲ್ಲಿ ಕಾಫಿ ಆರುತ್ತೆ.” ಅವಳು ಕೈ ಒಳಗೆಳೆದುಕೊಂಡಳು. “ಬಾಗಿಲು ತೆಗೆದೇ ಇದೆ. ಪ್ರತಿವರ್ಷ ತೆಗೆದೇ ಇರುತ್ತೆ.”

ಸ್ತೆರ್ಯೋಸ್ ದಾರ ಸುತ್ತಿಕೊಂಡ. ಬಲೂನುಗಳನ್ನು ಹಿಡಿದು, ಮೆಟ್ಟಿಲಿನ ಕಟಕಟೆ ಹಿಡಿದು, ಮಹಡಿಗೊಮ್ಮೆ ಕೂತು ಹತ್ತಿದ. ಅದೇ ಹೊಸ್ತಿಲು ಬಂದಾಗ ಕಾಲು ತಾನಾಗಿ ನಿಂತಿತು. ಯಾರೂ ತಡೆಯಲಿಲ್ಲ.

ಒಳಗೆ ಕಸೂತಿ ಬಟ್ಟೆಯ ಮೇಲೆ ಬರುವವರಿಗೆಂದು ಇಟ್ಟ ಚೆರ್ರಿಪಾಕದ ಆರು ತಟ್ಟೆ, ಆರು ಲೋಟ ನೀರು. ಹೊತ್ತು ಆಗಲೇ ಇಳಿದಿತ್ತು.

“ಮಿಕ್ಕೋರೆಲ್ಲ ಬಂದು ಹೋದ್ರಾ?”

“ಯಾವ ತಟ್ಟೆ ಬೇಕೋ ತಗೋ,” ಎಂದಳು ಎವಾಂಥಿಯಾ, ಕಾಫಿ ಬಗ್ಗಿಸುತ್ತ.

ಆರರಲ್ಲಿ ಒಂದಕ್ಕೂ ಚಮಚ ತಾಗಿರಲಿಲ್ಲ. ಅವನು ಬಾಗಿಲಿಗೆ ಹತ್ತಿರದ್ದನ್ನು ತೆಗೆದುಕೊಂಡ.