ಜಮೀಲಾ ಎಳೆದ ಲುಂಗಿ

ಎಂಬತ್ತರ ದಶಕದಲ್ಲಿ ಅರಬ್ ನಾಡಿನ ತಬೂಕಿನ ತೋಟವೊಂದರಲ್ಲಿ ನನ್ನ ಕಫೀಲ್, ಅಂದರೆ ಧಣಿ, ಸರ್ಕಸ್ಸಿನಿಂದ ಬಿಡಿಸಿ ತಂದ ಐದು ಚಿಂಪಾಂಜಿಗಳನ್ನು ಸಾಕಿದ್ದ. ಅವುಗಳಲ್ಲಿ ಜಮೀಲಾ ಬಂದು ನಾಲ್ಕು ತಿಂಗಳಾದರೂ ಮೂಲೆ ಬಿಟ್ಟು ಏಳಲಿಲ್ಲ. ಚೆಂಡು, ಟಯರು ಕೊಟ್ಟರೂ ಮುಟ್ಟಲಿಲ್ಲ.

ಕೆಲಸಕ್ಕೆ ಪ್ಯಾಂಟೇ ಹಾಕಬೇಕೆಂದು ಕಫೀಲನ ಕಟ್ಟಪ್ಪಣೆ. ಆದರೆ ರಜೆಯ ದಿನ ಶುಕ್ರವಾರ ಯಾರು ನೋಡುತ್ತಾರೆ ಮಾರಾಯ್ರೆ ಅಂತ ನಾನು ಲುಂಗಿಯಲ್ಲೇ ನೀರಿಡಲು ಹೋದೆ. ಸರಳುಗಳ ನಡುವಿನಿಂದ ಜಮೀಲಾಳ ಕೈ ಬಂತು, ಲುಂಗಿ ಹೋಯಿತು! ಅದನ್ನು ತಲೆಗೆ ಹೊದ್ದು ಅವಳು ಓಡಿದಳು, ಉಳಿದ ನಾಲ್ಕೂ ಕಿರುಚುತ್ತಾ ಬೆನ್ನಟ್ಟಿದವು. ನಾನು ಚಡ್ಡಿಯಲ್ಲೇ ನಿಂತು ಚಪ್ಪಾಳೆ ತಟ್ಟುತ್ತಿದ್ದಾಗ ಕಫೀಲನ ಗಾಡಿ ಬಂತು.

"ಪ್ಯಾಂಟ್ ಎಲ್ಲಿ?" ಎಂದ.

"ಪ್ಯಾಂಟ್ ಬಿಡಿ ಶೇಖ್, ಜಮೀಲಾ ಆಡ್ತಿದ್ದಾಳೆ!" ಎಂದೆ.

ನೋಡಿದವನು ನಗುತ್ತಾ ಕಣ್ಣೊರೆಸಿಕೊಂಡ. ಮರುವಾರ ಆರು ಹೊಸ ಲುಂಗಿ ತಂದ: ಐದು ಅವುಗಳಿಗೆ, ಒಂದು ನನಗೆ. ಜಮೀಲಾಳಿಗೆ ಮಾತ್ರ ನಾನು ಉಟ್ಟದ್ದೇ ಬೇಕಾಯಿತು.