ಊದಕ್ಕ ಹಿಂದಿನ ಓಣಿ ಹಿಡಿದದ್ದು

ಗಿರಣಿ ಬೀದಿಯಲ್ಲಿ ಅವಳನ್ನು ಎಲ್ಲರೂ ಊದಕ್ಕ ಎನ್ನುತ್ತಿದ್ದರು. ಹತ್ತಿ ಗಿರಣಿಯಲ್ಲಿ ದುಡಿದು ಮನೆ ಸೇರಿದ ಹೆಂಗಸರ ಶ್ವಾಸಕೋಶದ ಬಗ್ಗೆ ವೈದ್ಯಕೀಯ ಕಾಲೇಜೊಂದು ಸಂಶೋಧನೆ ನಡೆಸುತ್ತಿತ್ತು. ಉಸಿರು ಅಳೆಯುವ ಯಂತ್ರ ಹೊತ್ತು ಮನೆಮನೆಗೆ ಹೋಗಿ, "ಊದಿ, ಊದಿ, ಇನ್ನೂ ಸ್ವಲ್ಪ, ಬಿಡ್ಬೇಡಿ" ಎಂದು ಹುರಿದುಂಬಿಸುವುದು ಅವಳ ಕೆಲಸ.

ಎರಡನೆಯ ವರ್ಷ ಯಂತ್ರ ಕೆಟ್ಟಿತು. ಅದನ್ನು ರಿಪೇರಿ ಮಾಡುವ ಕಂಪನಿಯೇ ಬಾಗಿಲು ಹಾಕಿತ್ತು. ಹೊಸದು ಕೊಳ್ಳುವಷ್ಟು ಅನುದಾನ ಉಳಿದಿರಲಿಲ್ಲ. ಯೋಜನೆಯ ಮುಖ್ಯಸ್ಥೆ ಡಾಕ್ಟರಮ್ಮ ಅನುದಾನ ಕೊಟ್ಟ ಸಂಸ್ಥೆಗೆ ಹೆಚ್ಚುವರಿ ನೆರವು ಕೇಳಿ ಬರೆದರು.

"ಅದು ಬರೋತನಕ ನಿಲ್ಸಿದೀವಿ ಅಂತ ಎಲ್ರಿಗೂ ಒಂದ್ಮಾತು ಹೇಳ್ಬಿಡಮ್ಮ. ದಮ್ಮು ಜಾಸ್ತಿಯಾದೋರು ಕಾಯೋದು ಬೇಡ, ನೇರ ಆಸ್ಪತ್ರೆಗೆ ಬರ್ಲಿ" ಎಂದರು.

ಅವಳು ಹೇಳಲಿಲ್ಲ. ಹೋದ ಸಲ ತಾನೇ ಎದೆ ತಟ್ಟಿಕೊಂಡು, "ನಾನಿದೀನಿ, ನಿಮ್ಮನ್ನ ಕೈಬಿಡೋ ಮಾತೇ ಇಲ್ಲ" ಎಂದಿದ್ದಳು. ಈಗ ಬರಿಗೈಯಲ್ಲಿ ಹೋಗಿ ನಿಲ್ಲಲು ಮುಖವಿರಲಿಲ್ಲ. ನಾಳೆ ಹೋದರಾಯಿತು ಎಂದುಕೊಳ್ಳುತ್ತ ಹಿಂದಿನ ಓಣಿ ಹಿಡಿದು ಮನೆ ಸೇರತೊಡಗಿದಳು. ತರಕಾರಿ ಅಂಗಡಿಯಲ್ಲಿ ಗಿರಣಿ ಬೀದಿಯವರು ಕಂಡರೆ ಆರಿಸಿದ್ದನ್ನು ಅಲ್ಲೇ ಬಿಟ್ಟು ಕಾಲ್ಕೀಳುತ್ತಿದ್ದಳು.

ಅರ್ಜಿಯ ವಿಚಾರಣೆಗೆ ಸಂಸ್ಥೆಯ ಅಧಿಕಾರಿ ಬಂದರು. ಒಂದು ಮನೆಯನ್ನಾದರೂ ನೋಡಬೇಕೆಂದರು. ಕರೆದುಕೊಂಡು ಹೋಗುವ ಕೆಲಸ ಅವಳ ಪಾಲಿಗೇ ಬಂತು. ಬೀದಿಯ ಮೊದಲ ಮನೆ ನೂಲಜ್ಜಿಯದು. ಅಜ್ಜಿ ಮೆಟ್ಟಿಲ ಮೇಲೆ ಕೂತು ದಿಂಬಿನ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದಳು.

"ಯಂತ್ರ ಕೆಟ್ಟು ಕೆಲಸ ನಿಂತಿದ್ದನ್ನ ನಿಮಗೆ ಬಂದು ಹೇಳಿದ್ರಾ ಅಮ್ಮ?" ಅಧಿಕಾರಿ ಕೇಳಿದರು.

ಅಜ್ಜಿ ಊದಕ್ಕನ ಮುಖ ನೋಡಿದಳು. "ಹೇಳಿದ್ಲಲ್ಲ! ನಮ್ಮನ್ನ ಊದಿಸಿ ಊದಿಸಿ ಮಷೀನಿಗೇ ದಮ್ಮು ಹತ್ತಿರ್ಬೇಕು."

ಅಧಿಕಾರಿ ನಕ್ಕರು. ಅಜ್ಜಿ ಬೈದಿದ್ದರೂ ಊದಕ್ಕನಿಗೆ ಅಷ್ಟು ಚುಚ್ಚುತ್ತಿರಲಿಲ್ಲ. ನಿಜ ಬಾಯಿತನಕ ಬಂತು, ನುಂಗಿಕೊಂಡಳು.

ಅವರನ್ನು ಕಳಿಸಿ ಒಬ್ಬಳೇ ವಾಪಸು ಬಂದಳು. "ಯಾಕಜ್ಜಿ ಸುಳ್ಳು ಹೇಳಿದ್ರಿ?"

"ನಿನ್ನ ಮುಖ ಇಷ್ಟೇ ಇಷ್ಟಾಗಿತ್ತು ಕಣೆ. ನನ್ನದು ಬಿಡು. ಆ ಮೂಲೆಮನೆಯೋಳನ್ನ ನೋಡು ಹೋಗು. ಮಲಗಿದ್ರೆ ಉಸಿರು ಕಟ್ಟುತ್ತಂತೆ. ಆಸ್ಪತ್ರೆಗೆ ನಡಿಯೇ ಅಂದ್ರೆ, ಊದಕ್ಕ ಬರ್ತೀನಿ ಅಂದಿದಾಳೆ, ಅವಳಿಗೇ ತೋರಿಸ್ತೀನಿ ಅಂತ ಕೂತ್ಬಿಟ್ಟಿದಾಳೆ."

ಊದಕ್ಕ ಓಡಿದಳು. ಮೂಲೆಮನೆಯಾಕೆಯನ್ನು ಆಟೋದಲ್ಲಿ ಒರಗಿಸಿಕೊಂಡೇ ಆಸ್ಪತ್ರೆಗೆ ಒಯ್ದಳು. ಜೀವ ಉಳಿಯಿತು. ಆದರೆ ಬಾಗಿಲು ದಾಟಿ ಬೀದಿಗಿಳಿಯುವ ಶಕ್ತಿ ಮತ್ತೆ ಬರಲಿಲ್ಲ. ಮೊದಲೇ ಕರೆತಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಅಲ್ಲಿನ ವೈದ್ಯರು ಹೇಳಿದ್ದನ್ನು ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು.

ಮರುದಿನ ಡಾಕ್ಟರಮ್ಮನ ಎದುರು ನಿಂತು ಎಲ್ಲವನ್ನೂ ಹೇಳಿದಳು. ಅವರು ಅಧಿಕಾರಿಗೆ ಫೋನು ಹಚ್ಚಿ, "ನೀನೇ ಹೇಳು" ಎಂದು ಅವಳ ಕೈಗೆ ಕೊಟ್ಟರು. ಅವಳು ತೊದಲುತ್ತ ಹೇಳಿದಳು.

ಹೆಚ್ಚುವರಿ ಹಣ ತಡವಾಗಿಯಾದರೂ ಬಂತು, ಊದಕ್ಕನ ಕೆಲಸವೂ ಹೋಗಲಿಲ್ಲ. ಹೊಸ ಯಂತ್ರದೊಂದಿಗೆ ಮೂಲೆಮನೆಗೆ ಹೋದಾಗ ಆಕೆ ಗೋಡೆ ಹಿಡಿದು ಬಂದು ಕುರ್ಚಿ ಒರೆಸಿ, "ಬಾ ತಾಯಿ, ನೀನಲ್ದಿದ್ರೆ ಅವತ್ತು ಹೋಗೇಬಿಡ್ತಿದ್ದೆ" ಎಂದಳು. ತಪ್ಪು ತನ್ನದೆಂದು ಊದಕ್ಕ ಎಷ್ಟು ಬಿಡಿಸಿ ಹೇಳಿದರೂ ಆಕೆ ನಂಬಲೇ ಇಲ್ಲ.