ಅಪ್ರದಕ್ಷಿಣೆ ಓಡುವ ಕುದುರೆಗಳು

ಅಪ್ಪ ರೇಸಿಗೆ ಹೋಗುವುದನ್ನು ಬಿಟ್ಟದ್ದು ನನ್ನ ತಲೆಯ ಮೇಲೆ ಕೈಯಿಟ್ಟು. ತೊಂಬತ್ತರ ದಶಕದ ಆರಂಭ, ನಾನಿನ್ನೂ ಹೈಸ್ಕೂಲು. ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ ಅಜ್ಜಿ, ಅಂದರೆ ಅಪ್ಪನ ತಾಯಿ, ಕೊನೆಯುಸಿರೆಳೆದ ಮಧ್ಯಾಹ್ನ ಅಪ್ಪ ರೇಸ್‌ಕೋರ್ಸಿನಲ್ಲಿದ್ದರು. ಇದ್ದೊಬ್ಬ ಮಗ. ಬಾಯಿಗೆ ನೀರು ಬಿಟ್ಟವಳು ಅಮ್ಮ. ವೈಕುಂಠ ಸಮಾರಾಧನೆ ಮುಗಿದು ನೆಂಟರು ಹೋದ ಮೇಲೆ ಅಮ್ಮ ನನ್ನನ್ನು ಎದುರಿಗೆ ಕೂರಿಸಿ, "ಇವಳ ತಲೆ ಮುಟ್ಟಿ ಆಣೆ ಮಾಡಿ" ಎಂದಳು. ಅಪ್ಪ ಮಾಡಿದರು.

ಆಣೆ ಅವರದು, ತಲೆ ನನ್ನದು. ಅಲ್ಲಿಂದಾಚೆ ನನಗೆ ಜ್ವರ ಬಂದರೆ ಅಮ್ಮ ಥರ್ಮಾಮೀಟರಿಗಿಂತ ಮೊದಲು ಅಪ್ಪನ ಮುಖ ನೋಡುತ್ತಿದ್ದಳು. ಹೋಗಿಲ್ಲ ಕಣೇ ಎನ್ನುತ್ತಿದ್ದರು ಅಪ್ಪ. ನಿಜಕ್ಕೂ ಹೋಗಿರಲಿಲ್ಲ. ರೇಸಿನ ದಿನ ಹಲಸೂರು ಕೆರೆಯವರೆಗೆ ಒಬ್ಬರೇ ನಡೆದುಹೋಗಿ ಬಂದು ಸುಮ್ಮನೆ ಮಲಗುತ್ತಿದ್ದರು. ನನಗೆ ಅಮ್ಮನ ಮೇಲೆ ಸಿಟ್ಟು. ಆಣೆಗೆ ನನ್ನ ತಲೆಯೇ ಬೇಕಿತ್ತೆ?

ಅಪ್ಪ ನಿವೃತ್ತರಾಗುವ ಹೊತ್ತಿಗೆ ನಾನು ಇಂದಿರಾನಗರದ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದೆ. ಅಮೆರಿಕದ ಕುದುರೆಗಳ ಹಿಂದಿನ ಓಟಗಳ ವಿವರ ಇಂಟರ್ನೆಟ್ಟಿನಲ್ಲಿ ಸಿಗುತ್ತದೆಂದು ಗೊತ್ತಾಗಿ, ಸೈಬರ್ ಸೆಂಟರಿನಲ್ಲಿ ಪ್ರಿಂಟು ತೆಗೆಸಿ ತಂದುಕೊಟ್ಟೆ. ದುಡ್ಡು ಕಟ್ಟುವ ಮಾತೇ ಇಲ್ಲ, ಬರೀ ಲೆಕ್ಕಾಚಾರ. ಒಂದೊಂದು ಸಾಲೂ ಒಂದೊಂದು ಓಟ: ಯಾವ ತಿರುವಿನಲ್ಲಿ ಎಷ್ಟನೆಯದು, ಎಷ್ಟು ತೂಕ ಹೊತ್ತಿತ್ತು, ನೆಲ ಒದ್ದೆಯಿತ್ತೋ ಒಣಗಿತ್ತೋ. ಅಲ್ಲಿ ಹೆಚ್ಚಿನ ಓಟ ಹುಲ್ಲಿನ ಮೇಲಲ್ಲ, ಮಣ್ಣಿನ ಮೇಲೆ. ಅದೂ ನಮ್ಮೂರಿನದಕ್ಕೆ ತಿರುಗಾಮುರುಗಾ, ಎಡಕ್ಕೆ ತಿರುಗುತ್ತ. ಇದನ್ನು ಕೇಳಿದ ಅಮ್ಮ ಒಗ್ಗರಣೆ ಹಾಕುತ್ತಲೇ, ಅಪ್ರದಕ್ಷಿಣೆ ಹಾಕೋ ಕುದುರೆಗೆ ಎಲ್ಲಿಂದ ಒಳ್ಳೆಯದಾಗಬೇಕು ಎಂದಳು. ಆದರೆ ಆಣೆ ಮುರಿಯಿತು ಎನ್ನಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಫಲಿತಾಂಶ ತರುವವರೆಗೆ ಅಪ್ಪ ಕಾಫಿ ಮುಟ್ಟುತ್ತಿರಲಿಲ್ಲ. ಅವರು ಆರಿಸಿದ್ದು ಗೆದ್ದರೆ ಮಗುವಿನ ಹಾಗೆ ನಗುತ್ತಿದ್ದರು. ಆ ನಗು ನೋಡಲೆಂದೇ ನಾನು ಹೋಗುತ್ತಿದ್ದೆ. ಒಮ್ಮೆ, ಹಿಂದಿನ ಓಟದಲ್ಲಿ ಕೊನೆಯದಾಗಿ ಬಂದಿದ್ದ ಕುದುರೆಯೊಂದನ್ನು ಅವರು ಆರಿಸಿದಾಗ ನಾನು ಗೇಲಿ ಮಾಡಿದೆ.

"ಗೆದ್ದಿದ್ದನ್ನ ಎಲ್ರೂ ನೋಡ್ತಾರೆ" ಎಂದರು. "ಸೋತಿದ್ದು ಯಾಕೆ ಸೋಲ್ತು ಅಂತ ಕೇಳ್ಬೇಕು."

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಒಮ್ಮೆ ತಲೆಯೆತ್ತಿ ನೋಡಿದಳು.

ಅದೇ ಚಳಿಗಾಲದಲ್ಲಿ ಅಪ್ಪನಿಗೆ ಹೃದಯಾಘಾತವಾಯಿತು. ಇನ್ನು ಮಾಡುವಂಥದ್ದೇನಿಲ್ಲ ಎಂದು ಡಾಕ್ಟರು ಮನೆಗೆ ಕಳಿಸಿದರು. ಅಜ್ಜಿ ಮಲಗಿದ್ದ ಕೋಣೆಯಲ್ಲೇ ಮಂಚ ಹಾಕಿದೆವು. ಒಂದು ಮಧ್ಯಾಹ್ನ ಅಮ್ಮ ನನ್ನನ್ನು ಕರೆದು ಮಂಚದ ಪಕ್ಕ ಕೂರಿಸಿ, ಅಪ್ಪನ ಕೈಯನ್ನು ನನ್ನ ತಲೆಯ ಮೇಲಿಟ್ಟಳು. ಆಣೆಯನ್ನು ಹಾಕಿದ ಹಾಗೆಯೇ ಬಿಡಿಸಬೇಕೆಂದು ಅವಳ ನಂಬಿಕೆ.

"ಆಣೆ ಬಿಡಿಸಿದೀನಿ ರೀ" ಎಂದಳು. "ಆವತ್ತು ಯಾಕೆ ಹೋದ್ರಿ ಅಂತ ನಾನು ಕೇಳ್ಲೇ ಇಲ್ಲ."

ಅಪ್ಪ ಫ್ಯಾನಿನ ಕಡೆ ನೋಡುತ್ತ ಹೇಳಿದರು: "ನಮ್ಮಮ್ಮ ಉಸಿರಿಗೆ ಒದ್ದಾಡೋದು ನೋಡಕ್ಕಾಗ್ಲಿಲ್ಲ ಕಣೇ. ಅಲ್ಲಿ ಹೋಗಿ ಒಂದು ಕುದುರೇನೂ ನೋಡ್ಲಿಲ್ಲ. ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿದ್ದೆ."

ಅಮ್ಮ ಅತ್ತಳು, ನಾನೂ ಅತ್ತೆ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಈ ವಾರದ ಕುದುರೆ ಕಾಗದ ಬಂದಿಲ್ಲವಲ್ಲ, ಹೋಗಿ ತಗೊಂಡು ಬಾ ಎಂದು ನನ್ನನ್ನು ಎಬ್ಬಿಸಿದಳು. ಅವಳ ಬಾಯಲ್ಲಿ ಆ ಮಾತು ಕೇಳಿ ಅಪ್ಪ ನಕ್ಕರು. ನಾನು ಚಪ್ಪಲಿ ಮೆಟ್ಟಿ ಓಡಿದೆ.

ಕಾಗದ ಹಿಡಿದು ವಾಪಸು ಬಂದಾಗ ಬಾಗಿಲಲ್ಲಿ ಅಕ್ಕಪಕ್ಕದವರು ನಿಂತಿದ್ದರು. ಅಪ್ಪ ಹೋಗಿಬಿಟ್ಟಿದ್ದರು.

ಸಂಜೆ ಬಂದ ಸೋದರತ್ತೆ, ಅಪ್ಪ ಹೋಗುವಾಗ ಎಲ್ಲಿ ಹೋಗಿದ್ದೆ ಎಂದು ನನ್ನನ್ನು ಕೇಳಿದಳು. ಅಮ್ಮ ನನ್ನ ಕೈಯಲ್ಲಿದ್ದ ಕಾಗದ ತೆಗೆದುಕೊಂಡು ಅಪ್ಪನ ತಲೆದಿಂಬಿನ ಪಕ್ಕ ಇಟ್ಟಳು.

"ನಾನೇ ಕಳಿಸಿದ್ದೆ" ಎಂದಳು.